ರಸ್ತೆಯಾಚೆಯ ಪದವಿ

ಕುತ್ತಿಗೆಯ ಗುಂಡಿ ಹಾಕಿಕೊಂಡರೆ ಉಸಿರು ಕಟ್ಟುತ್ತಿತ್ತು, ಬಿಟ್ಟರೆ ಟೈ ಒಂದು ಕಡೆಗೆ ಜಾರುತ್ತಿತ್ತು. ವರ್ನ್ ಕಾಂಗಸ್ ಕನ್ನಡಿಯ ಮುಂದೆ ನಿಂತು ಬಿಚ್ಚಿದ, ಹಾಕಿದ, ಮತ್ತೆ ಬಿಚ್ಚಿದ. ಈ ಅಂಗಿಯನ್ನು ಹಿಂದೊಮ್ಮೆ ತೊಟ್ಟಿದ್ದು ಮಾವನನ್ನು ಮಣ್ಣು ಮಾಡಿದ ದಿನ. ಆವತ್ತು ಪಾದ್ರಿ ಸತ್ತವರ ಗುಣಗಾನ ಮಾಡುತ್ತಾ, ಇಂಜಿನಿಯರ್ ಅಳಿಯ ಸಿಕ್ಕ ಹೆಮ್ಮೆ ಅವರಿಗೆ ಕೊನೆಯವರೆಗೂ ಇತ್ತು ಎಂದಿದ್ದರು. ಇಡೀ ಚರ್ಚು ತಿರುಗಿ ಅವನ ಕಡೆ ನೋಡಿತ್ತು. ಅವನು ತನ್ನ ಬೂಟಿನ ಲಾಡಿ ನೋಡಿಕೊಂಡು ನಿಂತಿದ್ದ. ದುಃಖ ತಡೆಯಲಾರದೆ ತಲೆ ತಗ್ಗಿಸಿದ್ದಾನೆ ಎಂದು ಎಲ್ಲರೂ ತಿಳಿದರು. ಈಗ ಅದೇ ಅಂಗಿಯಲ್ಲಿ, ಇನ್ನು ಎರಡು ಗಂಟೆಯೊಳಗೆ, ಕೋರ್ಟಿನ ವಿಚಾರಣೆಗೆ ಮುಂಚಿನ ಹೇಳಿಕೆಗೆಂದು ವಕೀಲರ ಕಚೇರಿಯ ಉದ್ದ ಮೇಜಿನ ಮುಂದೆ ಕೂತು, ಬಲಗೈ ಎತ್ತಿ ಸತ್ಯವನ್ನೇ ಹೇಳುತ್ತೇನೆಂದು ಪ್ರಮಾಣ ಮಾಡಬೇಕು. ಮಾಡಿ, ಐಸ್ ಹಾಕಿ ಮೈದಾನದ ಗ್ಯಾಲರಿಯ ನಕ್ಷೆಯನ್ನು ತೀರ್ಮಾನಿಸಿದವರು ಯಾರು ಎಂಬ ಪ್ರಶ್ನೆಗೆ ಉತ್ತರ ಹೇಳಬೇಕು. ಉತ್ತರ ಒಂದೇ ಪದದ್ದು. ಆ ಪದ ಯಾವುದು ಎಂದು ನಿನ್ನೆ ರಾತ್ರಿ ಮಲಗುವಾಗ ಅವನಿಗೆ ಗೊತ್ತಿತ್ತು, ಬೆಳಿಗ್ಗೆ ಎದ್ದಾಗ ಗೊತ್ತಿರಲಿಲ್ಲ.

"ಟೈ ಬೇಡ ಬಿಡು, ಹರಾಜಿಗೆ ನಿಲ್ಲಿಸಿದ ಹೋರಿ ಹಾಗೆ ಕಾಣ್ತೀಯ," ಎಂದಳು ಐಲಾ. ಅಡಿಗೆಮನೆಯಲ್ಲಿ ಏಲಕ್ಕಿ ಬ್ರೆಡ್ಡನ್ನು ಕತ್ತರಿಸುತ್ತಾ ಅವಳು ಅವನ ಕಡೆ ನೋಡದೆಯೇ ಹೇಳಿದಳು.

"ವಕೀಲೆ ಹಾಕ್ಕೊಂಡು ಬಾ ಅಂದಿದ್ದಾಳೆ."

"ಇನ್ನೇನೇನು ಅಂದ್ಲು? ನಿನ್ನೆಯಿಂದ ಬಾಯಿಗೆ ಬೀಗ ಹಾಕ್ಕೊಂಡು ಕೂತಿದೀಯ."

"ನಾನು ಇಂಜಿನಿಯರ್ ಅಲ್ಲ ಅಂತ ಹೇಳ್ಬೇಕಂತೆ."

"ಅಲ್ವಲ್ಲ," ಎಂದಳು ಐಲಾ. ಹೇಳಿದ ಮೇಲೆ ಚಾಕುವನ್ನು ಕೆಳಗಿಟ್ಟು ಅವನ ಮುಖ ನೋಡಿದಳು. "ಕಾಗದದ ಲೆಕ್ಕಕ್ಕೆ ಅಲ್ವಲ್ಲ ಅಂದೆ ಕಣೋ. ಅದಕ್ಯಾಕೆ ಮುಖ ಹಾಗೆ ಮಾಡ್ತೀಯ?"

ಅವಳಿಗೆ ಗೊತ್ತಿತ್ತು. ಮದುವೆಯಾದ ಹೊಸದರಲ್ಲಿ ಒಂದು ಚಳಿಗಾಲದ ಸಂಜೆ, ಸೌನಾ ಎಂಬ ಉಗಿಕೋಣೆಯ ಬಿಸಿಯಲ್ಲಿ ಬೆವರುತ್ತಾ, ನಿನಗೊಂದು ವಿಷಯ ಹೇಳಬೇಕು ಎಂದು ಪೀಠಿಕೆ ಹಾಕಿ ತನ್ನ ಪದವಿಯ ಪೂರ್ತಿ ಹೆಸರನ್ನು ಅವನು ಹೇಳಿದ್ದ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಅಷ್ಟೇನಾ, ನಾನೆಲ್ಲೋ ಇನ್ನೊಬ್ಬಳು ಹೆಂಡತಿ ಇದಾಳೆ ಅಂದ್ಕೊಂಡೆ ಎಂದಿದ್ದಳು. ಆ ನಗು ಅವನನ್ನು ಆ ಕ್ಷಣ ಹಗುರ ಮಾಡಿತ್ತು, ಆಮೇಲೆ ವರ್ಷಗಟ್ಟಲೆ ಚುಚ್ಚಿತ್ತು. ಇಷ್ಟು ದೊಡ್ಡದನ್ನು ಹೊತ್ತು ತಿರುಗಿದ್ದೇನೆ, ಇವಳಿಗೆ ಅದು ತಮಾಷೆಯಾಯಿತಲ್ಲ. ಅವಳ ಅಪ್ಪನಿಗೆ ಮಾತ್ರ ಹೇಳಲಿಲ್ಲ. ಹೇಳುವ ಸಂದರ್ಭ ಬರಲಿಲ್ಲ ಎಂದು ಅವನು ತನಗೇ ಹೇಳಿಕೊಂಡಿದ್ದ. ಆದರೆ ಪ್ರತಿ ಕ್ರಿಸ್‌ಮಸ್ಸಿಗೂ ಮುದುಕ ಅವನ ಹೆಗಲ ಮೇಲೆ ಕೈ ಹಾಕಿ, ಬಂದ ನೆಂಟರಿಗೆಲ್ಲ ನಮ್ಮ ಇಂಜಿನಿಯರ್ ಸಾಹೇಬ್ರು ಎಂದು ಪರಿಚಯ ಮಾಡುತ್ತಿದ್ದದ್ದು ಸಂದರ್ಭವಲ್ಲದೆ ಮತ್ತೇನು?

"ನೀನು ಹೇಳೋದು ಸುಳ್ಳೇನಲ್ವಲ್ಲ. ಹೇಳಿ ಎದ್ದು ಬಾ," ಎಂದಳು ಐಲಾ. "ಹಾಲ್ವರಿಗೂ ತೊಂದ್ರೆ ಇಲ್ಲ, ನಿನಗೂ ತೊಂದ್ರೆ ಇಲ್ಲ."

"ಅಷ್ಟೇ ಅಲ್ಲ ಅದು."

"ಮತ್ತೇನು?"

ಅವನು ಕಾರಿನ ಕೀಲಿ ಎತ್ತಿಕೊಂಡ. ಹೇಳಬೇಕಾದದ್ದರಲ್ಲಿ ಮೊದಲರ್ಧ ನಿಜ, ಉಳಿದರ್ಧ ಸುಳ್ಳು ಎಂದು ಅವಳಿಗೆ ಬಿಡಿಸಿ ಹೇಳಲು ಅವನಿಗೆ ಪುರುಸೊತ್ತಿರಲಿಲ್ಲ, ಅಥವಾ ಧೈರ್ಯವಿರಲಿಲ್ಲ. ನಾನು ಇಂಜಿನಿಯರ್ ಅಲ್ಲ, ಇದು ನಿಜ. ಆದ್ದರಿಂದ ನಾನು ಬರೀ ಗೆರೆ ಎಳೆದವನು, ಲೆಕ್ಕವೆಲ್ಲ ಕಚೇರಿಯ ಯಜಮಾನರಾದ ಹಾಲ್ವರ್ ಲುಂಡ್ ಅವರದು, ಅವರು ಹೇಳಿದಂತೆ ನಾನು ಬರೆದೆ. ಇದು ಹಸಿ ಸುಳ್ಳು. ಹಾಲ್ವರ್ ಆ ನಕ್ಷೆಯನ್ನು ತೆರೆದೂ ನೋಡಿರಲಿಲ್ಲ.

ಕಾರು ಹೊರಡಿಸಿದಾಗ ರಸ್ತೆಯ ಪಕ್ಕದ ಹಿಮ ಕರಗಿ ಮಣ್ಣು ಬಣ್ಣಕ್ಕೆ ಬಂದಿತ್ತು. ಸರೋವರದ ಕಡೆಯಿಂದ ಗಾಳಿ ಬೀಸುತ್ತಿತ್ತು. ಹಾಕಿ ಮೈದಾನದ ಮುಂದೆ ಹಾದುಹೋಗುವ ದಾರಿ ಹತ್ತಿರದ್ದು. ಕಳೆದ ಚಳಿಗಾಲದಿಂದ ಅವನು ಸುತ್ತುದಾರಿಯಲ್ಲೇ ಹೋಗುತ್ತಿದ್ದಾನೆ. ಇವತ್ತು ಯಾಕೋ ಸ್ಟೀರಿಂಗು ತಾನಾಗಿ ಹತ್ತಿರದ ದಾರಿಗೆ ತಿರುಗಿತು. ಮೈದಾನದ ಬಾಗಿಲಿಗೆ ಇನ್ನೂ ಹಳದಿ ಪಟ್ಟಿ ಕಟ್ಟಿದ್ದರು. ಆ ಊರಿನಲ್ಲಿ ಒಂದು ಪದ್ಧತಿ. ಹೊರಗಿನವರು ನೋಡಿ ಕಾಡುಜನ ಎಂದು ನಗುತ್ತಾರೆ. ಊರ ತಂಡ ಗೋಲು ಹೊಡೆದರೆ ಚಪ್ಪಾಳೆ ತಟ್ಟುವುದಿಲ್ಲ, ಎಲ್ಲರೂ ಎದ್ದು ನಿಂತು ಒಟ್ಟಿಗೆ ಕಾಲು ಕುಟ್ಟುತ್ತಾರೆ. ಧಡ್ ಧಡ್ ಧಡ್, ಒಂದು ಉಸಿರು ಬಿಡುವು, ಮತ್ತೆ ಧಡ್ ಧಡ್ ಧಡ್. ಅಜ್ಜಿಯರೂ ಕುಟ್ಟುತ್ತಾರೆ, ಪಾದ್ರಿಯೂ ಕುಟ್ಟುತ್ತಾರೆ. ಹಳೇ ಮರದ ಅಟ್ಟಣಿಗೆಯ ಮೇಲೆ ಅಪ್ಪನ ಪಕ್ಕ ನಿಂತು ವರ್ನ್ ತಾನೂ ಕುಟ್ಟಿ ಬೆಳೆದವನು. ಅಂಗಾಲಿನಿಂದ ಹಲ್ಲಿನ ತನಕ ಏರುವ ಆ ನಡುಕ ಇವತ್ತಿಗೂ ಅವನ ಮೈಯಲ್ಲಿದೆ. ಮರದ್ದನ್ನು ಕೆಡವಿ ಉಕ್ಕಿನ ಹೊಸ ಗ್ಯಾಲರಿ ಮಾಡುವ ಕೆಲಸ ಹಾಲ್ವರ್ ಲುಂಡ್ ಅವರ ಸಣ್ಣ ಕಚೇರಿಗೆ ಬಂದಾಗ ಅದನ್ನು ಪೂರ್ತಿ ಮಾಡಿದವನು ವರ್ನ್. ಗೋಡೆಯಿಂದ ಹೊರಚಾಚಿದ ಉಕ್ಕಿನ ತೋಳುಗಳು, ಅವನ್ನು ಕಾಂಕ್ರೀಟಿಗೆ ಕಚ್ಚಿಸುವ ಬೋಲ್ಟುಗಳು, ಯಾವ ತೋಳಿಗೆ ಎಷ್ಟು, ಎಷ್ಟು ಆಳಕ್ಕೆ, ಎಲ್ಲವನ್ನೂ ಅವನೇ ಪುಸ್ತಕದ ಕೋಷ್ಟಕ ನೋಡಿ, ಎರಡೆರಡು ಸಲ ಲೆಕ್ಕ ಹಾಕಿ ತೀರ್ಮಾನಿಸಿದ್ದ. ಜನ ಒತ್ತೊತ್ತಾಗಿ ನಿಂತರೆ ಬೀಳುವ ಭಾರಕ್ಕಿಂತ ಹೆಚ್ಚೇ ಹಿಡಿದಿದ್ದ. ನಿಂತರೆ. ನಿಂತು ಕುಟ್ಟಿದರೆ ಏನಾಗುತ್ತದೆ ಎಂದು, ತಾನೇ ಕುಟ್ಟಿ ಬೆಳೆದ ಆ ಮನುಷ್ಯನಿಗೆ, ಹೊಳೆಯಲೇ ಇಲ್ಲ.

ಕಳೆದ ಚಳಿಗಾಲದ ಕೊನೆಯ ಪಂದ್ಯದಲ್ಲಿ ಊರ ತಂಡ ಮೇಲಿಂದ ಮೇಲೆ ಗೋಲು ಹೊಡೆಯಿತು. ಗ್ಯಾಲರಿಯ ಒಂದು ತೋಳು ಗೋಡೆಯಿಂದ ಕಿತ್ತು ಬಂತು, ಮೂಲೆ ಕುಸಿಯಿತು. ಜನ ಒಬ್ಬರ ಮೇಲೊಬ್ಬರು ಜಾರಿದರು. ಪ್ರಾಣ ಹೋಗಲಿಲ್ಲ. ರೋಶೆಲ್ ಬೊಷಾಂ ಎಂಬ ಹೆಂಗಸಿನ ಸೊಂಟದ ಮೂಳೆ ಮುರಿಯಿತು. ಅವಳ ಮಗ ಆವತ್ತು ಊರ ತಂಡದ ಗೋಲು ಕಾಯುತ್ತಿದ್ದ. ಹೋದ ವಾರ ಅಂಗಡಿಯಲ್ಲಿ ಕೈಗಾಡಿ ತಳ್ಳುತ್ತಾ ತಿರುವಿಗೆ ಬಂದಾಗ ಎದುರಿಗೆ ಅವಳೇ, ನಾಲ್ಕು ಕಾಲಿನ ಊರುಗೋಲು ಹಿಡಿದು, ಕಾಳಿನ ಡಬ್ಬಿಗೆ ಕೈ ಚಾಚಿ ನಿಂತಿದ್ದಳು. ಡಬ್ಬಿ ಎಟುಕುತ್ತಿರಲಿಲ್ಲ. ಹೋಗಿ ತೆಗೆದುಕೊಡುವುದಕ್ಕೆ ಎರಡು ಹೆಜ್ಜೆ ಸಾಕಿತ್ತು. ಅವನು ಗಾಡಿಯನ್ನು ಹಿಂದಕ್ಕೆಳೆದು ಪಕ್ಕದ ಸಾಲಿಗೆ ಹೊಕ್ಕು, ನಾಯಿಯ ಆಹಾರದ ಚೀಲಗಳ ಹಿಂದೆ ನಿಂತುಬಿಟ್ಟ. ಅವನ ಮನೆಯಲ್ಲಿ ನಾಯಿ ಇಲ್ಲ. "ಯಾರು, ವರ್ನಾ?" ಎಂದು ಆಚೆಯಿಂದ ಅವಳ ದನಿ ಬಂತು, ಸಿಟ್ಟೇನೂ ಇಲ್ಲದ ದನಿ, "ಮಗಳು ಹೇಗಿದಾಳಪ್ಪಾ?" ಅವನು ಉತ್ತರ ಕೊಡದೆ ಚೀಲದ ಮೇಲಿನ ಅಕ್ಷರ ಓದುತ್ತಾ ನಿಂತಿದ್ದ. ಆ ನಾಚಿಕೆ ಈಗ ಕಾರಿನ ಬಿಸಿಗಾಳಿಯಲ್ಲಿ ಮತ್ತೆ ಕಿವಿಯ ತನಕ ಏರಿತು.

ರೋಶೆಲ್ ಮತ್ತಿತರರು ಲುಂಡ್ ಕಚೇರಿಯ ಮೇಲೆ ಹೂಡಿದ ದಾವೆಯಲ್ಲಿ ವಾದಿಗಳ ಕಡೆಯ ತಜ್ಞರೊಬ್ಬರು ವರದಿ ಕೊಟ್ಟಿದ್ದರು. ವಕೀಲೆ ಅದರ ಪ್ರತಿಯನ್ನು ನಿನ್ನೆ ಅವನ ಮುಂದೆ ಸರಿಸಿದ್ದಳು. ಭಾರದ ಲೆಕ್ಕ ಸರಿಯಾಗಿದೆ ಎಂದು ಮೊದಲ ಪುಟದಲ್ಲೇ ಒಪ್ಪಿಕೊಂಡಿದ್ದರು. ತಪ್ಪಿದ್ದು ತಾಳದಲ್ಲಂತೆ. ಯಾವ ಅಟ್ಟಣಿಗೆಗಾದರೂ ಅದರದೇ ಆದ ಒಂದು ತೂಗಾಟದ ಲಯ ಇರುತ್ತದೆ, ಜನರ ಕುಟ್ಟು ಆ ಲಯಕ್ಕೆ ಸರಿಯಾಗಿ ಕೂಡಿಬಿಟ್ಟರೆ ಪ್ರತಿ ಕುಟ್ಟಿಗೂ ಅಲುಗಾಟ ಬೆಳೆಯುತ್ತಾ ಹೋಗುತ್ತದೆ, ಉಯ್ಯಾಲೆ ನೂಕಿದ ಹಾಗೆ. ಅದರ ಕೆಳಗೆ ಒಂದು ಸಮೀಕರಣ. ಅದನ್ನು ನೋಡಿದ ಕೂಡಲೇ ವರ್ನ್‌ನಿಗೆ ಗುರುತು ಸಿಕ್ಕಿತು. ಎರಡನೆಯ ವರ್ಷದ ವಸಂತದಲ್ಲಿ, ಇಂಜಿನಿಯರಿಂಗ್ ಕಟ್ಟಡದ ಮೇಲ್ಮಹಡಿಯ ತರಗತಿಯಲ್ಲಿ, ಬೆನ್ನು ತಿರುಗಿಸಿಕೊಂಡೇ ಪಾಠ ಹೇಳುವ ಆ ಸಣಕಲು ಪ್ರೊಫೆಸರು ಕರಿಹಲಗೆಯ ತುಂಬ ಬರೆದದ್ದು ಇದೇ. ಅವನು ಬರೆದುಕೊಂಡ. ಮನೆಗೆ ಹೋಗಿ ನೋಡಿದ. ಎಲ್ಲರಿಗೂ ಏನೋ ಕಾಣುತ್ತಿದೆ, ತನಗೆ ಕಾಣುತ್ತಿಲ್ಲ ಎನಿಸಿತು. ಒಂದು ಸಲ ನಪಾಸಾದ, ಮತ್ತೆ ಕೂತ, ಮತ್ತೆ ನಪಾಸಾದ. ಸಲಹೆಗಾರ ಪ್ರೊಫೆಸರು ತಮ್ಮ ಕೋಣೆಗೆ ಕರೆಸಿ, ಕುರ್ಚಿ ಎಳೆದುಕೊಟ್ಟು, ಒಳ್ಳೆಯ ಮಾತಿನಲ್ಲೇ ಹೇಳಿದ್ದರು. "ನೋಡಪ್ಪಾ, ನಿನ್ನ ಕೈ ಬಹಳ ಚುರುಕು. ಕೈ ಚುರುಕಿರೋರಿಗೆ ಆಚೆ ಕಟ್ಟಡ ಇದೆ. ಅಲ್ಲೂ ನಾಲ್ಕು ವರ್ಷ, ಅಲ್ಲೂ ಪದವಿ, ಕೆಲಸಾನೂ ಬೇಗ ಸಿಗತ್ತೆ. ಕೀಳು ಅಂತ ಯಾರೂ ತಿಳ್ಕೋಬಾರದು." ಯಾರೂ ತಿಳ್ಕೋಬಾರದು ಎಂದಾಗಲೇ ಎಲ್ಲರೂ ತಿಳಿಯುತ್ತಾರೆಂದು ಅವನಿಗೆ ಗೊತ್ತಾಯಿತು.

ಆಚೆ ಕಟ್ಟಡ ಎಂದರೆ ರಸ್ತೆ ದಾಟಿದರೆ ಸಾಕು. ಈಚೆಯದಕ್ಕೆ ಗಾಜಿನ ಮುಂಭಾಗ, ಆಚೆಯದಕ್ಕೆ ಲಾರಿ ನುಗ್ಗುವಷ್ಟು ಅಗಲದ ಬಾಗಿಲು. ಒಳಗೆ ಕಾಲಿಟ್ಟರೆ ಯಂತ್ರದ ಎಣ್ಣೆಯ ವಾಸನೆ. ಇಂಜಿನಿಯರಿಂಗ್ ಟೆಕ್ನಾಲಜಿ ವಿಭಾಗ. ಈಚೆಯವರು ಸೂತ್ರ ಹೇಗೆ ಹುಟ್ಟಿತು ಎಂದು ಕಲಿಯುತ್ತಿದ್ದರು, ಆಚೆಯವರು ಅದನ್ನು ಎಲ್ಲಿ ಹೇಗೆ ಬಳಸಬೇಕು ಎಂದು ಕಲಿಯುತ್ತಿದ್ದರು. ಈಚೆಯವರಿಗೆ ಗಣಿತ ಹೆಚ್ಚು, ಆಚೆಯವರಿಗೆ ಪ್ರಯೋಗಶಾಲೆ ಹೆಚ್ಚು. ಕಾಂಕ್ರೀಟು ಕಲಸಿ, ಅಚ್ಚಿಗೆ ಸುರಿದು, ಗಟ್ಟಿಯಾದ ಮೇಲೆ ಯಂತ್ರದಲ್ಲಿಟ್ಟು ಒಡೆದು, ಎಷ್ಟು ಭಾರಕ್ಕೆ ಒಡೆಯಿತು ಎಂದು ಕಣ್ಣಾರೆ ನೋಡುವುದು. ವರ್ನ್ ಅಲ್ಲಿ ಸುಖವಾಗಿದ್ದ. ಇದನ್ನು ಅವನು ಯಾರ ಹತ್ತಿರವೂ ಒಪ್ಪಿಕೊಂಡವನಲ್ಲ. ಅಂಕಗಳು ಏರಿದವು, ಮೇಷ್ಟ್ರು ಅವನನ್ನು ಕರೆದು ಬೇರೆಯವರಿಗೆ ತೋರಿಸು ಎನ್ನುತ್ತಿದ್ದರು. ಯಾರೋ ಒಬ್ಬ ಹುಡುಗ ಒಂದು ದಿನ ಈ ಸೂತ್ರ ಎಲ್ಲಿಂದ ಬಂತು ಎಂದು ಕೇಳಿದ. ಮೇಷ್ಟ್ರು ಕಿಟಕಿಯ ಕಡೆ ಬೆರಳು ತೋರಿಸಿ, "ಅದನ್ನ ಆ ಕಟ್ಟಡದಲ್ಲಿ ಕೇಳು, ನಿನಗೆ ಬೇಕಾದ ಕೋಷ್ಟಕ ಇಲ್ಲಿದೆ," ಎಂದರು, ತರಗತಿಯೆಲ್ಲ ನಕ್ಕಿತು. ಅವನೂ ನಕ್ಕ. ಗೆದ್ದವರ ನಗು ಎಂದು ಆಗ ಎನಿಸಿತ್ತು. ಪದವಿಯ ಹೆಸರಿನಲ್ಲಿ ಟೆಕ್ನಾಲಜಿ ಎಂಬ ಒಂದು ಪದ ಹೆಚ್ಚಿತ್ತು, ಜಗತ್ತಿನ ಲೆಕ್ಕದಲ್ಲಿ ಆ ಹೆಚ್ಚಿನ ಪದದಿಂದಲೇ ಕಡಿಮೆಯಾಗುತ್ತಿತ್ತು. ಮನೆಗೆ ಫೋನು ಮಾಡಿದಾಗ ಆ ಪದವನ್ನು ಬಿಟ್ಟ. ಆಮೇಲೆ ಅದು ತಾನಾಗಿಯೇ ಬಿಟ್ಟುಹೋಯಿತು.

ಸಹಿ ಮಾಡಿ ಮುದ್ರೆ ಒತ್ತುವ ಅಧಿಕಾರಕ್ಕೆ ಲೈಸೆನ್ಸ್ ಬೇಕು, ಲೈಸೆನ್ಸಿಗೆ ಪರೀಕ್ಷೆ. ಆಚೆ ಕಟ್ಟಡದವರನ್ನು ಪರೀಕ್ಷೆಗೆ ಸೇರಿಸುವ ವಿಷಯದಲ್ಲಿ ಒಂದೊಂದು ರಾಜ್ಯದ್ದು ಒಂದೊಂದು ನಿಯಮ. ಕೆಲವು ಕಡೆ ಬಾಗಿಲೇ ತೆರೆಯುವುದಿಲ್ಲ, ಕೆಲವು ಕಡೆ ಇನ್ನಷ್ಟು ವರ್ಷ ದುಡಿದು ಬಾ ಎನ್ನುತ್ತಾರೆ. ತನ್ನ ರಾಜ್ಯದಲ್ಲಿ ಹೇಗೆ ಎಂದು ವರ್ನ್ ಒಂದು ಸಲವೂ ವಿಚಾರಿಸಲಿಲ್ಲ. ವಿಚಾರಿಸಿದರೆ, ಇಷ್ಟು ದಿನ ಲೈಸೆನ್ಸ್ ಇರಲಿಲ್ಲವೇ ಎಂದು ಯಾರಾದರೂ ಕೇಳುತ್ತಾರೆ. ಹಾಲ್ವರ್ ಮಾತ್ರ ಆಗಾಗ, "ಪರೀಕ್ಷೆ ಕಟ್ಟೋ, ನಾನು ಶಿಫಾರಸು ಕೊಡ್ತೀನಿ," ಎನ್ನುತ್ತಿದ್ದರು, ಅವನು ಬರೋ ವರ್ಷ ನೋಡೋಣ ಎನ್ನುತ್ತಿದ್ದ, ಅವರು ಅದನ್ನು ಅಲ್ಲಿಗೇ ಬಿಡುತ್ತಿದ್ದರು. ಅವರಿಗೂ ಅದು ಅನುಕೂಲವೇ ಆಗಿತ್ತೇನೋ. ಲೈಸೆನ್ಸ್ ಇದ್ದವನು ಆ ಸಣ್ಣ ಕಚೇರಿಯಲ್ಲಿ ಇಪ್ಪತ್ತು ವರ್ಷ ಯಾಕೆ ಕೂರುತ್ತಾನೆ? ಈ ಯೋಚನೆ ಬಂದಾಗಲೆಲ್ಲ ವರ್ನ್ ತನ್ನನ್ನು ತಾನೇ ಬೈದುಕೊಳ್ಳುತ್ತಿದ್ದ. ಕೆಲಸ ಕೊಟ್ಟು, ಮಗಳು ಹುಟ್ಟಿದಾಗ ತೊಟ್ಟಿಲು ಮಾಡಿಕೊಟ್ಟ ಮನುಷ್ಯನ ಬಗ್ಗೆ ಹೀಗೆ ಯೋಚಿಸಬಹುದೇ?

ವಕೀಲೆ ಪ್ರೆಂಟಿಸ್ ನಿನ್ನೆ ಅವನ ಪದವಿಯ ಹೆಸರು ಕೇಳಿ ಮುಗುಳ್ನಕ್ಕಿದ್ದಳು. ಲುಂಡ್ ಕಚೇರಿಯ ವಿಮಾ ಕಂಪನಿ ಕಳಿಸಿದ್ದ ಹೆಂಗಸು, ಮಾತು ಕಡಿಮೆ. "ಮಿಸ್ಟರ್ ಕಾಂಗಸ್, ನಿಮ್ಮ ಪದವಿ ನಮ್ಮ ಪಾಲಿಗೆ ದೇವರು ಕೊಟ್ಟ ವರ. ಇದನ್ನ ಮುಚ್ಚಿಡೋದು ಬೇಡ, ಮೊದಲೇ ಹೇಳಿಬಿಡಿ. ನೀವು ಇಂಜಿನಿಯರ್ ಅಲ್ಲ. ಅಂದ್ಮೇಲೆ ತೀರ್ಮಾನ ತಗೊಳ್ಳೋ ಅಧಿಕಾರ ನಿಮಗಿರಲಿಲ್ಲ. ತಗೊಂಡಿದ್ದು ಮಿಸ್ಟರ್ ಲುಂಡ್. ಅವರ ಮೇಲ್ವಿಚಾರಣೆಯಲ್ಲಿ ನೀವು ಕೆಲಸ ಮಾಡಿದ್ರಿ. ಅವರ ಲೆಕ್ಕ ನಿಯಮದ ಪ್ರಕಾರ ಇತ್ತು, ತಜ್ಞರೇ ಒಪ್ಪಿದಾರೆ. ಅಲ್ಲಿಗೆ ವಾದ ಮಾಡೋಕೆ ನನಗೆ ಜಾಗ ಸಿಗತ್ತೆ. ಅದೇ ಲೈಸೆನ್ಸ್ ಇಲ್ಲದೋರು ಒಬ್ಬರೇ ಕೂತು ಮಾಡಿದ್ರು, ಇವರು ನೋಡದೇ ಮುದ್ರೆ ಒತ್ತಿದ್ರು ಅಂತಾದ್ರೆ..." ಅವಳು ವಾಕ್ಯ ಮುಗಿಸಲಿಲ್ಲ. "ಹೇಗೆ ನಡೀತು ಅಂತ ನಾನು ನಿಮ್ಮನ್ನ ಕೇಳ್ತಿಲ್ಲ, ಗಮನಿಸಿ. ಮಿಸ್ಟರ್ ಲುಂಡ್ ನನಗೆ ಹೇಳಿದಾರೆ. ನಿಮ್ಮ ನೆನಪು ಅದಕ್ಕಿಂತ ಬೇರೆ ಇರಲಾರದು ಅಂದ್ಕೊಂಡಿದೀನಿ."

ನೋಡದೇ ಒತ್ತಿದರು ಎಂಬುದೂ ನಿಜವಲ್ಲ. ಒತ್ತಿದ್ದು ಅವರಲ್ಲ. ಆವತ್ತು ಹಾಲ್ವರ್ ಹೆಪ್ಪುಗಟ್ಟಿದ ಸರೋವರದ ಮೇಲೆ ಗುಡಿಸಲು ಹಾಕಿಕೊಂಡು ಮೀನು ಹಿಡಿಯುತ್ತಾ ಕೂತಿದ್ದರು. ನಕ್ಷೆ ಸಂಜೆಯೊಳಗೆ ಊರಸಭೆಗೆ ಹೋಗಬೇಕು. ಫೋನು ಮಾಡಿದಾಗ, "ನೀನೇ ಒತ್ತಿ ಕಳಿಸಯ್ಯಾ, ಮುದ್ರೆ ಮೇಜಿನ ಎಡಗಡೆ ಖಾನೇಲಿದೆ. ನೀನು ಮಾಡಿದ್ರಲ್ಲಿ ನಾನು ಏನು ನೋಡೋದಿದೆ?" ಎಂದರು. ಆ ಮಾತು ಕೇಳಿ ಅವನ ಎದೆ ಉಬ್ಬಿತ್ತು. ಮುದ್ರೆಯನ್ನು ಕೈಯಲ್ಲಿ ಹಿಡಿದು, ಕಚೇರಿಯಲ್ಲಿ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಒಂದೊಂದು ಹಾಳೆಯ ಮೇಲೂ ಬೇಕೆಂದೇ ನಿಧಾನವಾಗಿ ಒತ್ತಿದ್ದ. ಹೆಸರು ಹಾಲ್ವರ್ ಲುಂಡ್ ಎಂದಿದ್ದರೂ ಅವನ ಕಣ್ಣಿಗೆ ಬೇರೆ ಹೆಸರು ಕಂಡಿತ್ತು. ಇಷ್ಟು ವರ್ಷಗಳಲ್ಲಿ ಅಷ್ಟು ಸಂತೋಷಪಟ್ಟ ಮಧ್ಯಾಹ್ನ ಇನ್ನೊಂದಿಲ್ಲ. ರೋಶೆಲಳ ಸೊಂಟ ಮುರಿದದ್ದು ನೆನಪಾದಾಗಲೆಲ್ಲ ಅವನಿಗೆ ಮೊದಲು ಆ ಸಂತೋಷವೇ ನೆನಪಾಗುತ್ತದೆ.

ವಕೀಲರ ಕಚೇರಿಯ ಹಿಂದಿನ ಕಾರು ನಿಲ್ಲಿಸುವ ಜಾಗದಲ್ಲಿ ಹಾಲ್ವರ್ ಆಗಲೇ ಬಂದು ನಿಂತಿದ್ದರು. ಎಪ್ಪತ್ತು ದಾಟಿದ ಎತ್ತರದ ಆಳು; ಕಿವಿ ಮುಚ್ಚುವ ಟೋಪಿಯನ್ನು ಕೈಯಲ್ಲಿ ಹಿಡಿದಿದ್ದರು. ವರ್ನ್ ಇಳಿಯುವ ಮೊದಲೇ ಕಾರಿನ ಕಿಟಕಿಗೆ ಬಂದರು.

"ಏನಯ್ಯಾ, ಶವಪೆಟ್ಟಿಗೆಯಿಂದ ಎದ್ದು ಬಂದೋನ ಹಾಗಿದೀಯ. ನಿದ್ದೆ ಮಾಡಿದ್ಯಾ?"

"ಮಾಡಿದೆ. ನೀವು?"

"ನನಗೇನು, ಮುದುಕ, ಕೂತಲ್ಲೇ ನಿದ್ದೆ." ಅವರು ಸುತ್ತ ನೋಡಿದರು. ದನಿ ತಗ್ಗಿಸಲಿಲ್ಲ. "ನೋಡು, ನೀನು ಸುಮ್ನೆ ತಲೆ ಕೆಡಿಸ್ಕೋಬೇಡ. ಆ ಲೆಕ್ಕ ನಾನೇ ಮಾಡಿದ್ದು. ನನಗೆ ಚೆನ್ನಾಗಿ ನೆನಪಿದೆ. ನೀನು ಆವತ್ತು ಮಗಳ ಪಂದ್ಯ ಅಂತ ಬೇಗ ಹೋದೆ. ನಾನು ಕೂತು ಬೋಲ್ಟಿಂದೆಲ್ಲ ನೋಡಿ, ನಾನೇ ಮುದ್ರೆ ಒತ್ತಿದೆ."

ವರ್ನ್‌ ಕಾರಿನಿಂದ ಇಳಿದ. ಅವರ ಕಣ್ಣುಗಳನ್ನು ಹುಡುಕಿದ. ಗಾಳಿಗೆ ನೀರೂರಿದ ತಿಳಿನೀಲಿ ಕಣ್ಣುಗಳಲ್ಲಿ ಕಣ್ಣು ಮಿಟುಕಿಸಿದ ಗುರುತಿಲ್ಲ, ನಗುವಿಲ್ಲ. ಸುಳ್ಳು ಹೇಳಿಕೊಡುತ್ತಿದ್ದಾರೋ, ಅಥವಾ ನಿಜವಾಗಿಯೂ ಹಾಗೇ ನಂಬಿದ್ದಾರೋ? ಹೋದ ವರ್ಷದಿಂದ ಅವರು ಕೀಲಿ ಮರೆಯುತ್ತಿದ್ದರು, ಒಮ್ಮೆ ತಮ್ಮ ಮೊಮ್ಮಗನ ಹೆಸರನ್ನೂ ಮರೆತಿದ್ದರು. "ಹಾಲ್ವರ್, ಆವತ್ತು ನೀವು ಸರೋವರದ ಮೇಲೆ..." ಎಂದು ಶುರು ಮಾಡಿದ.

"ನಾನೇ ಮಾಡಿದ್ದು ಅಂದ್ನಲ್ಲ. ಯಾರು ಕೇಳಿದ್ರೂ ಅಷ್ಟೇ." ಟೋಪಿ ತಲೆಗೇರಿಸಿ ಅವರು ಬಾಗಿಲ ಕಡೆ ನಡೆದರು.

ಬೆನ್ನ ಹಿಂದೆಯೇ ಮೆಟ್ಟಿಲು ಹತ್ತುತ್ತಾ ವರ್ನ್‌ಗೆ ಮೊದಲು ಅನಿಸಿದ್ದು ಕೃತಜ್ಞತೆ. ಎರಡನೆಯದಾಗಿ, ಅದಕ್ಕಿಂತ ಜೋರಾಗಿ, ಯಾರೋ ತನ್ನ ಮನೆಗೆ ನುಗ್ಗಿ ಸಾಮಾನು ಹೊತ್ತುಕೊಂಡು ಹೋದಂತೆ ಸಿಟ್ಟು ಬಂತು. ಇಪ್ಪತ್ತು ವರ್ಷ ಅವನು ಬರೆದದ್ದೆಲ್ಲ ಇನ್ನೊಬ್ಬರ ಹೆಸರಿನಲ್ಲಿ ಹೋಗಿತ್ತು. ಶಾಲೆಯ ಸೂರು, ಬಂದರಿನ ಏಣಿ, ಚರ್ಚಿನ ಹೊಸ ಮೆಟ್ಟಿಲು. ಎಲ್ಲದರ ಹಲಗೆಯ ಮೇಲೂ ಇಂಜಿನಿಯರ್ ಲುಂಡ್. ಅವನು ತಕರಾರು ಮಾಡಿರಲಿಲ್ಲ. ಈಗ ಬಿದ್ದುಹೋದದ್ದನ್ನೂ ಅವರೇ ಕೊಂಡೊಯ್ಯುತ್ತಾರೆಯೇ? ಎಂಥ ಯೋಚನೆ ಇದು, ಎಂಥ ಹುಚ್ಚು! ತಪ್ಪನ್ನು ತನ್ನದೆಂದು ಹೇಳಿಕೊಳ್ಳಲು ಹೊಟ್ಟೆಕಿಚ್ಚುಪಡುವ ಮನುಷ್ಯ ಎಲ್ಲಾದರೂ ಇದ್ದಾನೆಯೇ? ಸತ್ಯ ಹೇಳಿದರೆ ಮುದುಕನ ಲೈಸೆನ್ಸ್ ಹೋಗುತ್ತದೆ, ಐವತ್ತು ವರ್ಷದ ಹೆಸರು ಹೋಗುತ್ತದೆ, ಕಚೇರಿ ಮುಚ್ಚುತ್ತದೆ. ಸುಳ್ಳು ಹೇಳಿದರೆ ಯಾರಿಗೂ ಏನೂ ಆಗುವುದಿಲ್ಲ, ಅವನೊಬ್ಬನ ಹೊರತು. ಹಾಗಾದರೆ ಸುಳ್ಳೇ ಒಳ್ಳೆಯದು. ಹೇಳುತ್ತೇನೆ. ಕೋಣೆಯ ಬಾಗಿಲು ದೂಡುವಾಗ ಅವನು ಅದನ್ನು ನಿರ್ಧಾರ ಮಾಡಿಯೇ ದೂಡಿದ.

ಮೇಜಿನ ಆಚೆ ರೋಶೆಲಳ ವಕೀಲ ಡಾಯ್ಲ್. ಮನೆಯ ಹಿರಿಯಣ್ಣನಂಥ ಮುಖ. ನೀರು ಬೇಕೇ ಎಂದು ವರ್ನ್‌ನನ್ನು ಕೇಳಿದ. ಮೂಲೆಯಲ್ಲಿ ಪುಟ್ಟ ಯಂತ್ರದ ಮುಂದೆ ಹೇಳಿಕೆ ದಾಖಲಿಸುವ ಹೆಂಗಸು. ಈಚೆ ಪ್ರೆಂಟಿಸ್, ಅವಳ ಪಕ್ಕದಲ್ಲಿ ಹಾಲ್ವರ್. ಕೈ ಎತ್ತಿ ಪ್ರಮಾಣ ಮಾಡಿದ್ದಾಯಿತು. ಹೆಸರು, ವಿಳಾಸ. ಆಮೇಲೆ ಓದು.

"ಪದವಿಯ ಪೂರ್ತಿ ಹೆಸರು ಹೇಳಿ," ಎಂದ ಡಾಯ್ಲ್.

ವರ್ನ್ ಹೇಳಿದ, ಇಪ್ಪತ್ತು ವರ್ಷ ಬಿಟ್ಟಿದ್ದ ಪದವನ್ನೂ ಸೇರಿಸಿ ಹೇಳಿದ. ಕೋಣೆಯಲ್ಲಿ ಏನೂ ಆಗಲಿಲ್ಲ. ಯಾರೂ ತಲೆ ಎತ್ತಲಿಲ್ಲ. ಮೂಲೆಯ ಹೆಂಗಸು ಎಲ್ಲ ಪದಗಳಂತೆ ಅದನ್ನೂ ಕುಟ್ಟಿಕೊಂಡಳು. ಇಷ್ಟೇನಾ ಎಂದು ಅವನಿಗೆ ಕಾಲಡಿ ಖಾಲಿಯಾದಂತಾಯಿತು.

"ಅಂದ್ರೆ ನೀವು ಇಂಜಿನಿಯರಾ?"

"ಅಲ್ಲ."

ಪ್ರೆಂಟಿಸ್ ಕುರ್ಚಿಗೆ ಒರಗಿದಳು. ಡಾಯ್ಲ್ ಒಂದು ಫೋಟೋವನ್ನು ಮೇಜಿನ ಮೇಲೆ ಸರಿಸಿದ. ಕುಸಿದ ಮೂಲೆ, ಗೋಡೆಯಲ್ಲಿ ಬೋಲ್ಟು ಕಿತ್ತ ತೂತುಗಳು, ನೇತಾಡುವ ಉಕ್ಕಿನ ತೋಳು. ತೋಳಿನ ತುದಿಯನ್ನು ಓರೆಯಾಗಿ ಕತ್ತರಿಸಿದ್ದರು. ಮಕ್ಕಳ ತಲೆಗೆ ತಗಲದಿರಲಿ ಎಂದು ಹಾಗೆ ಕತ್ತರಿಸಬೇಕೆಂದು ಬರೆದದ್ದು ಅವನೇ. ಯಾವ ಪುಸ್ತಕದಲ್ಲೂ ಇರಲಿಲ್ಲ ಅದು, ಮಗಳು ಸಣ್ಣವಳಾಗಿದ್ದಾಗ ಹಣೆ ಒಡೆದುಕೊಂಡದ್ದು ನೆನಪಾಗಿ ಬರೆದಿದ್ದ.

"ಈ ತೋಳು, ಈ ಬೋಲ್ಟು, ಇವನ್ನ ತೀರ್ಮಾನ ಮಾಡಿದೋರು ಯಾರು ಮಿಸ್ಟರ್ ಕಾಂಗಸ್?"

ಉತ್ತರ ಬಾಯಲ್ಲಿ ಸಿದ್ಧವಾಗಿತ್ತು. ಹಾಲ್ವರ್ ತಮ್ಮ ದೊಡ್ಡ ಕೈಗಳನ್ನು ಮೇಜಿನ ಮೇಲಿಟ್ಟುಕೊಂಡು ಅವನನ್ನೇ ನೋಡುತ್ತಿದ್ದರು, ಹೇಳು ಎನ್ನುವಂತೆ. ವರ್ನ್ ಫೋಟೋದಿಂದ ಕಣ್ಣು ಕೀಳಲಾರದೆ ಹೋದ.

"ನಾನು," ಎಂದ.

"ನನ್ನ ಕಕ್ಷಿದಾರರ ಜೊತೆ ಒಂದು ನಿಮಿಷ ಮಾತಾಡ್ಬೇಕು," ಎಂದು ಪ್ರೆಂಟಿಸ್ ಎದ್ದೇ ನಿಂತಳು.

"ಇದೊಂದು ಮುಗಿಸಿಬಿಡ್ತೀನಿ ಮೇಡಂ," ಎಂದ ಡಾಯ್ಲ್. ಅವನ ದನಿ ಇನ್ನೂ ಮೆತ್ತಗಾಯಿತು. "ಜನ ಒಟ್ಟಿಗೆ ಕಾಲು ಕುಟ್ಟಿದಾಗ ಆಗೋ ಅಲುಗಾಟದ ಲೆಕ್ಕ ಹಾಕಿದ್ರಾ?"

"ಇಲ್ಲ."

"ನೀವು ಇದೇ ಊರಿನೋರು. ಕುಟ್ತಾರೆ ಅಂತ ನಿಮಗೆ ಗೊತ್ತಿತ್ತು."

"ಗೊತ್ತಿತ್ತು. ನಾನೂ ಕುಟ್ಟಿದೀನಿ."

"ಮತ್ಯಾಕೆ ಹಾಕಲಿಲ್ಲ?"

ಸತ್ಯ ಹೇಳಿದ ಹುಮ್ಮಸ್ಸು ಅಲ್ಲಿಗೇ ಇಳಿದುಹೋಯಿತು. ನಾನು ಎಂದು ಹೇಳುವಾಗ ಒಂದು ಕ್ಷಣ ಅವನು ದೊಡ್ಡವನಾಗಿದ್ದ. ಈ ಪ್ರಶ್ನೆಯ ಉತ್ತರದಲ್ಲಿ ದೊಡ್ಡಸ್ತಿಕೆ ಎಂಬುದೇ ಇರಲಿಲ್ಲ. ಅವಸರವಿತ್ತು ಎನ್ನಬಹುದು, ನಿಯಮದಲ್ಲಿ ಕೇಳಿರಲಿಲ್ಲ ಎನ್ನಬಹುದು, ಮರೆತೆ ಎನ್ನಬಹುದು. ಮರೆತವನು ಒಂದು ಕಾಲಕ್ಕೆ ಕಲಿತವನಾದರೂ ಆಗಿರುತ್ತಾನೆ. ಸಣಕಲು ಪ್ರೊಫೆಸರ ಬೆನ್ನು ಕಂಡಿತು, ರೋಶೆಲಳ ಚಾಚಿದ ಕೈ ಕಂಡಿತು. ಅಂಗಿಯ ಗುಂಡಿ ಗಂಟಲನ್ನು ಒತ್ತುತ್ತಿತ್ತು. ಅವನು ಏನೋ ಹೇಳಿದ, ಅದು ಹೊರಗೆ ಬಂತೋ ಇಲ್ಲವೋ ಅವನಿಗೇ ತಿಳಿಯಲಿಲ್ಲ.

"ಕೇಳಿಸ್ಲಿಲ್ಲ, ಸ್ವಲ್ಪ ಜೋರಾಗಿ ಹೇಳಿ," ಎಂದಳು ಮೂಲೆಯ ಹೆಂಗಸು, ಯಂತ್ರದ ಮೇಲಿಂದ ಬೆರಳೆತ್ತಿ.

"ನನಗೆ ಗೊತ್ತಿರಲಿಲ್ಲ," ಎಂದ ವರ್ನ್ ಜೋರಾಗಿ. "ಅಂಥ ಲೆಕ್ಕ ಹಾಕ್ಬೇಕು ಅನ್ನೋದೇ ಗೊತ್ತಿರಲಿಲ್ಲ. ನಾನು ಅದನ್ನ ಕಲೀಲಿಲ್ಲ. ಎರಡು ಸಲ ಕೂತೆ, ಬರಲಿಲ್ಲ."

ಹೆಂಗಸು ಅದನ್ನೂ ಕುಟ್ಟಿ ಮುಗಿಸಿದಳು. ಡಾಯ್ಲ್ ಕನ್ನಡಕ ತೆಗೆದ. ಅವನಿಗೆ ಬೇಕಾದದ್ದು ಸಿಕ್ಕಿತ್ತು. ಆದರೂ ಅವನು ಮುಂದಿನ ಪ್ರಶ್ನೆ ಕೇಳಲು ತಡಮಾಡಿದ.

"ನನಗೆ ಗೊತ್ತಿತ್ತು," ಎಂದರು ಹಾಲ್ವರ್.

"ಮಿಸ್ಟರ್ ಲುಂಡ್, ನೀವು ಈಗ ಮಾತಾಡೋ ಹಾಗಿಲ್ಲ," ಎಂದಳು ಪ್ರೆಂಟಿಸ್.

"ನಾನು ಕಲ್ತಿದ್ದೆ ಕಣಯ್ಯಾ." ಅವರು ಅವಳ ಕಡೆ ತಿರುಗಲೂ ಇಲ್ಲ, ಮೇಜಿನ ಮೇಲೆ ಬಾಗಿ ವರ್ನ್‌ಗೆ ಹೇಳುತ್ತಿದ್ದರು. "ಆ ತರಗತೀಲಿ ನನಗೇ ಮೊದಲನೇ ಸ್ಥಾನ ಬಂದಿತ್ತು. ಹಾಳೆ ಬಿಡಿಸಿ ನೋಡಿದ್ರೆ ಸಾಕಿತ್ತು, ತೋಳು ನೋಡ್ತಿದ್ದ ಹಾಗೇ ಇದು ಕುಣಿಯತ್ತೆ ಅಂತ ನನಗೆ ಗೊತ್ತಾಗ್ತಿತ್ತು. ನಾನು ನೋಡ್ಲಿಲ್ಲ. ಮೀನು ಹಿಡೀತಿದ್ದೆ."

"ಇದನ್ನ ದಾಖಲೆಗೆ ತಗೋಬೇಡಿ! ಮಿಸ್ಟರ್ ಲುಂಡ್, ದಯವಿಟ್ಟು ಹೊರಗೆ ಬನ್ನಿ!"

ಮೂಲೆಯ ಹೆಂಗಸು ಕೈ ನಿಲ್ಲಿಸಿರಲಿಲ್ಲ. ಮಾತು ಬಂದಂತೆ ಬರೆದುಕೊಳ್ಳುವುದು ಅವಳ ಕೆಲಸ. ಯಾರದೆಂದು ತಿಳಿಯದೆ ಮಾತ್ರ ಬರೆಯುವಂತಿಲ್ಲ. ಅವಳು ತಲೆ ಎತ್ತಿ ವಿನಯದಿಂದ ಕೇಳಿದಳು. "ಈಗ ಮಾತಾಡಿದ್ದು ಯಾರು ಅಂತ ಬರ್ಕೊಳ್ಳಲಿ?"

ಹಾಲ್ವರ್ ಎದ್ದು ನಿಂತರು. ಪ್ರೆಂಟಿಸ್ ಅವರ ತೋಳು ಹಿಡಿದಿದ್ದಳು. ಅವರು ಅದನ್ನು ಬಿಡಿಸಿಕೊಳ್ಳಲಿಲ್ಲ.

"ಹಾಲ್ವರ್ ಲುಂಡ್," ಎಂದರು. "ಇಂಜಿನಿಯರ್. ಸದ್ಯಕ್ಕೆ ಹಾಗೇ ಬರ್ಕೊಳ್ಳಮ್ಮ, ಇನ್ನೂ ಸ್ವಲ್ಪ ದಿನ ಬರೀಬಹುದು."